ಊರಲ್ಲಿ ಓಡ್ಸಿದ್ರೆ ಏನಿಲ್ಲ, ಲಾಂಗ್ ಹೋದ್ರೆ ಹಳೇ ಸ್ಪೋರ್ಟ್ಸ್ ಕಾರು ಆಯಿಲ್ ಕುಡಿತಿದೆ. ಯಾಕೆ?

ಆಲ್ದೂರು ಟ್ವಿನ್‌ಕ್ಯಾಮ್:

ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕಮಗಳೂರು, ಆಲ್ದೂರು ಹತ್ರ ತೋಟ. ಮನೇಲಿ 90ರ ದಶಕದ್ದೊಂದು ಜಪಾನಿ ಸ್ಪೋರ್ಟ್ಸ್ ಕಾರಿದೆ, ಎರಡು ಬಾಗಿಲು, 1.8 ಲೀಟರ್ ಟ್ವಿನ್ ಕ್ಯಾಮ್, ಟರ್ಬೊ ಇಲ್ಲ, ಐದು ಗೇರು. ಮಾಡೆಲ್ ಹೆಸರು ಬೇಡ, ಈ ಕಡೆ ಅದೊಂದೇ ಇರೋದ್ರಿಂದ ಯಾರ ಗಾಡಿ ಅಂತ ತಕ್ಷಣ ಗೊತ್ತಾಗತ್ತೆ.

ವಿಷ್ಯ ಏನಂದ್ರೆ, ತೋಟದಿಂದ ಪೇಟೆಗೆ ಪೇಟೆಯಿಂದ ತೋಟಕ್ಕೆ ಅಂತ ಓಡ್ಸಿದ್ರೆ ಇಂಜಿನ್ ಆಯಿಲ್ ಒಂಚೂರೂ ಕಮ್ಮಿ ಆಗಲ್ಲ, ಕಡ್ಡಿ ಎಳೆದು ನೋಡಿದ್ರೆ ಹಾಕಿದ ಮಟ್ಟಕ್ಕೇ ಇರತ್ತೆ. ಲಾಂಗ್ ಹೋದ್ರೆ ಮಾತ್ರ ಹಂಗಲ್ಲ. ಮಳೆ ಬಿಟ್ಮೇಲೆ ಫ್ರೆಂಡ್ಸ್ ಸೇರಿ ಎರಡು ಗಾಡೀಲಿ ಗೋವಾಕ್ಕೆ ಹೋಗಿದ್ವಿ, ಕಡೂರು ತರೀಕೆರೆ ಶಿವಮೊಗ್ಗ ಸಾಗರ ಅಂತ ಬಿ.ಎಚ್. ರೋಡ್ ಹಿಡಿದು ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಕಾರವಾರ. ಹೊರಡೋವಾಗ ಕಡ್ಡೀಲಿ ಮ್ಯಾಕ್ಸ್‌ಗೆ ಇತ್ತು, ಗೋವಾದಲ್ಲಿ ನೋಡಿದ್ರೆ ಅರ್ಧ, ವಾಪಸ್ ಬರ್ತಾ ಮಂಗಳೂರಲ್ಲಿ ನೋಡಿದ್ರೆ ಮಿನ್‌ಗೆ ಬಂದಿತ್ತು. ಅಲ್ಲೇ ಟಾಪ್ ಅಪ್ ಮಾಡಿ ಚಾರ್ಮಾಡಿ ಹತ್ತಿ ಮನೆಗೆ ಬಂದ್ವಿ.

ಗಾಡಿ ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ, ರಟ್ಟು ಹಾಸಿ ನೋಡಿದೀನಿ. ಹಿಂದಿನ ಗಾಡೀಲಿ ಬರ್ತಿದ್ದೋರು ಹೇಳಿದ್ದು ಏನಂದ್ರೆ ಗೇರುಸೊಪ್ಪೆ ಘಾಟಿ ಪೂರ್ತಿ ಇಳಿದು ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ತಕ್ಷಣ ಸೈಲೆನ್ಸರ್‌ನಿಂದ ನೀಲಿ ಹೊಗೆ ಒಂದ್ಸಲ ಭರ್ ಅಂತ ಬಂತು, ಆಮೇಲೆ ಇಲ್ಲ. ಚಾರ್ಮಾಡಿ ಹತ್ತುವಾಗ ಸೆಕೆಂಡ್ ಗೇರಲ್ಲಿ ಜೋರಾಗೇ ಎಳೆದೆ, ಆಗ ಹೊಗೆ ಇಲ್ವೇ ಇಲ್ಲ ಅಂದ್ರು.

ನಾವು ತೋರಿಸೋ ಗ್ಯಾರೇಜಲ್ಲಿ ಪಿಸ್ಟನ್ ಸುತ್ತ ಇರೋ ರಿಂಗ್ ಸವೆದು ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು, ಅಂದ್ರೆ ಸಿಲಿಂಡರ್ ಕೊರೆಸ್ಬೇಕು ಅಂತಿದಾರೆ. ಪಾರ್ಟ್ಸ್ ಎಲ್ಲಾ ಹೊರಗಿನಿಂದ ಬರಬೇಕು. ಈ ಇಂಜಿನ್ ಇದುವರೆಗೂ ಯಾರೂ ಬಿಚ್ಚಿಲ್ಲ, ಆ ಶಬ್ದ ಹಂಗೇ ಇದೆ, ಬಿಚ್ಚಿಸೋಕೆ ಮನಸ್ಸಿಲ್ಲ. ಕುಯ್ಲು ಮುಗಿದ್ಮೇಲೆ ಮಾರ್ಚಲ್ಲಿ ಇದೇ ಗಾಡೀಲಿ ಕನ್ಯಾಕುಮಾರಿಗೆ ಹೋಗೋ ಪ್ಲಾನ್ ಇದೆ. ಈಗ ಇರೋದು 5ಡಬ್ಲ್ಯು-30 ಫುಲ್ ಸಿಂಥೆಟಿಕ್. ಹೋಗಬಹುದಾ, ಗ್ರೇಡ್ ಬದಲಾಯಿಸಬೇಕಾ, ಗೊತ್ತಿರೋರು ದಯವಿಟ್ಟು ಹೇಳಿ.

ಕಡೂರು ಎಕ್ಸ್‌ಪ್ರೆಸ್:

ಅಷ್ಟು ವರ್ಷದ ಇಂಜಿನ್ ಬ್ರೋ, ರಿಂಗೇ. ನಿಮ್ ಗ್ಯಾರೇಜ್ ಅವ್ರು ಸರಿಯಾಗೇ ಹೇಳಿದಾರೆ. ಇವತ್ತಲ್ಲ ನಾಳೆ ಬಿಚ್ಚಲೇಬೇಕು, ಈಗಲೇ ಮಾಡಿಸ್ಬಿಡಿ.

ಹಾಸನದ ಸ್ಪ್ಯಾನರ್:

ಆಲ್ದೂರು ಅವ್ರೇ, ದಯವಿಟ್ಟು ಇಂಜಿನ್ ಇಳಿಸೋಕೆ ಒಪ್ಕೋಬೇಡಿ, ಈಗಲೇ ಬೇಡ. ಕಡೂರು ಅವ್ರು ಬೇಜಾರಾಗ್ಬೇಡಿ, ಆದ್ರೆ ಇವ್ರು ಬರೆದಿರೋ ಲಕ್ಷಣ ರಿಂಗ್‌ದಲ್ಲ.

ಹೊಗೆ ಯಾವಾಗ ಬರತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರತ್ತೆ. ರಿಂಗ್ ಸವೆದಿದ್ರೆ ಲೋಡ್ ಬಿದ್ದಾಗ ಹೊಗೆ ಬರಬೇಕು, ಅಂದ್ರೆ ಚಾರ್ಮಾಡಿ ಹತ್ತುವಾಗ ಹಿಂದಿನ ಗಾಡಿಯವ್ರಿಗೆ ಕಾಣಬೇಕಿತ್ತು, ಕಾಣ್ಲಿಲ್ಲ. ನಿಮ್ಮದು ಬಂದಿರೋದು ಘಾಟಿ ಇಳಿದು ಮುಗಿಸಿದ್ಮೇಲೆ. ಇಳಿಯೋವಾಗ ಏನಾಗತ್ತೆ ನೋಡಿ, ಗೇರಲ್ಲೇ ಇರ್ತೀವಿ, ಆಕ್ಸಿಲರೇಟರ್ ಬಿಟ್ಟಿರ್ತೀವಿ, ಗಾಳಿ ಬಿಡೋ ಥ್ರಾಟಲ್ ಮುಚ್ಚಿದೆ ಆದ್ರೆ ಚಕ್ರ ಇಂಜಿನ್ನನ್ನ ತಿರುಗಿಸ್ತಾನೇ ಇದೆ, ಆಗ ಸಿಲಿಂಡರ್‌ಗೆ ಗಾಳಿ ಹೋಗೋ ಪೈಪು, ಅಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ತುಂಬಾ ಜಾಸ್ತಿ ಆಗತ್ತೆ. ಇಂಜಿನ್ ಮೇಲ್ಭಾಗದ ಹೆಡ್‌ನಲ್ಲಿ ವಾಲ್ವ್ ಒತ್ತೋ ಕ್ಯಾಮ್‌ಗೆ ಬರೋ ಆಯಿಲ್ ಅಲ್ಲೇ ನಿಂತಿರತ್ತೆ, ವಾಲ್ವ್ ಕಡ್ಡಿ ಸುತ್ತ ಇರೋ ರಬ್ಬರ್ ಸೀಲ್ ವಯಸ್ಸಾಗಿ ಗಟ್ಟಿಯಾಗಿದ್ರೆ ಆ ಆಯಿಲ್‌ನ ವ್ಯಾಕ್ಯೂಮ್ ಗೈಡ್, ಅಂದ್ರೆ ವಾಲ್ವ್ ಕಡ್ಡಿ ಓಡಾಡೋ ಕೊಳವೆ ಮೂಲಕ ಕೆಳಗೆ ಎಳ್ಕೊಳತ್ತೆ. ಇಳಿಜಾರು ಮುಗಿಯೋವರೆಗೂ ಅಲ್ಲಿ ಸೇರ್ತಾ ಹೋಗತ್ತೆ, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ತಕ್ಷಣ ಒಟ್ಟಿಗೆ ಉರಿದು ನೀಲಿ ಹೊಗೆ. ಆಮೇಲೆ ನಿಂತೋಗತ್ತೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಮೊದಲ ಸೆಕೆಂಡಲ್ಲಿ ಒಂದು ಬುಸ್ ಅಂತ ನೀಲಿ ಬರತ್ತಾ ನೋಡಿ, ಬಂದ್ರೆ ವಾಲ್ವ್ ಸೀಲ್ ಅನ್ನೋದು ಇನ್ನೂ ಗಟ್ಟಿ ಆಯ್ತು.

ಆದ್ರೂ ಊಹೆ ಮೇಲೆ ಹೋಗ್ಬೇಡಿ, ಕಂಪ್ರೆಶನ್ ಟೆಸ್ಟ್ ಮಾಡಿಸಿ, ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯತ್ತೆ ಅಂತ ಗೊತ್ತಾಗತ್ತೆ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಕಾಯಿಲ್ ಮತ್ತೆ ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸ್ಬೇಕು. ನಾಲ್ಕೂ ಹತ್ತು ಹದಿನೈದು ಪರ್ಸೆಂಟ್ ವ್ಯತ್ಯಾಸದೊಳಗೆ ಇದ್ರೆ ಒಳ್ಳೇದು. ಯಾವುದಾದ್ರೂ ಕಮ್ಮಿ ಬಂದ್ರೆ ಆ ಸಿಲಿಂಡರ್‌ಗೆ ಪ್ಲಗ್ ತೂತಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡೋದು, ಏರಿದ್ರೆ ರಿಂಗ್ ಕಡೆ, ಏರದಿದ್ರೆ ವಾಲ್ವ್ ಕಡೆ.

ಇಲ್ಲೊಂದು ಮಾತು, ಇದನ್ನ ತುಂಬಾ ಜನ ಗಮನಿಸಲ್ಲ. ಕಂಪ್ರೆಶನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ರಿಂಗ್ ಪೂರ್ತಿ ಚೆನ್ನಾಗಿದೆ ಅಂತಲ್ಲ. ಪಿಸ್ಟನ್ ಮೇಲಿನ ಎರಡು ರಿಂಗ್ ಕಂಪ್ರೆಶನ್ ಹಿಡಿಯೋದು, ಕೆಳಗಿನ ಮೂರನೇದು ಗೋಡೆ ಮೇಲಿನ ಆಯಿಲ್ ಕೆರೆದು ವಾಪಸ್ ಇಂಜಿನ್ ತಳದ ಆಯಿಲ್ ಚೇಂಬರ್‌ಗೆ ಬಿಡೋದು. ಆ ಆಯಿಲ್ ರಿಂಗಿನ ಸಂದಿಗೆ ಕಾರ್ಬನ್ ಕೂತು ಅಂಟಿಕೊಂಡಿದ್ರೆ ಕಂಪ್ರೆಶನ್ ಹೊಸದರಂಗೆ ಬರತ್ತೆ, ಆಯಿಲ್ ಮಾತ್ರ ಹೋಗ್ತಾ ಇರತ್ತೆ. ಕಮ್ಮಿ ಓಡೋ ಗಾಡಿಗಳಲ್ಲಿ, ಸದಾ ಚಿಕ್ಕ ಚಿಕ್ಕ ದೂರ ಓಡೋ ಗಾಡಿಗಳಲ್ಲಿ ಇದು ಆಗತ್ತೆ. ಹಂಗಾಗಿ ಟೆಸ್ಟ್ ರಿಸಲ್ಟ್, ಪ್ಲಗ್ ಬಣ್ಣ, ಹೊಗೆ ಬರೋ ಸಮಯ ಮೂರನ್ನೂ ಸೇರಿಸಿ ನೋಡ್ಬೇಕು.

ಬೇಲೂರು ರೋಡ್:

ಸ್ಪ್ಯಾನರ್ ಸರ್ ಹೇಳಿದ್ದಕ್ಕೆ ನಂದೂ ಒಂದಷ್ಟು ಸೇರಿಸ್ತೀನಿ. ಪ್ರಶ್ನೆಯಲ್ಲಿ ಒಂದು ಇನ್ನೂ ಹಂಗೇ ಉಳಿದಿದೆ, ಊರಲ್ಲಿ ಯಾಕೆ ಕಮ್ಮಿ ಆಗಲ್ಲ ಅನ್ನೋದು.

ಊರಲ್ಲೂ ಕಮ್ಮಿ ಆಗ್ತಿರತ್ತೆ, ಕಾಣಲ್ಲ ಅಷ್ಟೆ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆದಾಗ ಪೆಟ್ರೋಲ್ ಜಾಸ್ತಿ ಸುರಿಯತ್ತೆ, ಅದ್ರಲ್ಲಿ ಸ್ವಲ್ಪ ಉರಿಯದೆ ಸಿಲಿಂಡರ್ ಗೋಡೆಗೆ ಅಂಟಿ ಕೆಳಗೆ ಇಳಿದು ಆಯಿಲ್ ಜೊತೆ ಬೆರೆಯತ್ತೆ, ಜೊತೆಗೆ ನೀರಿನ ಪಸೆ. ನಮ್ಮ ಮಲೆನಾಡಿನ ಚಳಿ ಬೆಳಗ್ಗೆ ಹತ್ತು ಹದಿನೈದು ಕಿಲೋಮೀಟರ್ ಓಡ್ಸಿ ನಿಲ್ಲಿಸಿದ್ರೆ ಆಯಿಲ್ ಪೂರ್ತಿ ಬಿಸಿಯಾಗೋದೇ ಇಲ್ಲ, ಬೆರೆತಿದ್ದು ಆವಿಯಾಗಿ ಹೋಗಲ್ಲ. ಅಂದ್ರೆ ಆಯಿಲ್ ಅಷ್ಟು ಕಮ್ಮಿ ಆಗಿದೆ, ಪೆಟ್ರೋಲು ನೀರು ಅಷ್ಟು ಸೇರಿದೆ, ಕಡ್ಡೀಲಿ ಮಟ್ಟ ಒಂದೇ. ಲಾಂಗ್ ಹೊರಟು ಗಂಟೆಗಟ್ಟಲೆ ಬಿಸಿಯಲ್ಲಿ ಓಡಿದಾಗ ಅದೆಲ್ಲ ಆವಿಯಾಗತ್ತೆ, ಆಗ ಮಟ್ಟ ಒಮ್ಮೆಲೇ ಇಳಿದಂಗೆ ಕಾಣತ್ತೆ. ನಿಮ್ಮ ಗೋವಾ ಟ್ರಿಪ್ಪಲ್ಲಿ ಇಳಿದಿದ್ರಲ್ಲಿ ಒಂದು ಭಾಗ ಇದೇ ಇರತ್ತೆ. ಅದಕ್ಕೇ ದೊಡ್ಡ ಟ್ರಿಪ್ಪಿಗೆ ಮುಂಚೆ ಆಯಿಲ್ ಚೇಂಜ್ ಮಾಡಿಸಿ, ಒಂದ್ಸಲ ಹಾಸನಕ್ಕೆ ಹೋಗಿ ಬಂದು ಮಟ್ಟ ನೋಡಿ ಆಮೇಲೆ ಲೆಕ್ಕ ಶುರು ಮಾಡಿ.

ಇನ್ನೊಂದು ಕಾರಣ ಸುತ್ತು. ಆ ಕಾಲದ ಐದು ಗೇರಿನ ಸ್ಪೋರ್ಟ್ಸ್ ಗಾಡಿಗಳು ನೂರರ ಸ್ಪೀಡಲ್ಲಿ ಸುಮಾರು 3500 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗ್ತವೆ, ಅಂದ್ರೆ ಒಂದು ಗಂಟೆಗೆ 2,10,000 ಸುತ್ತು. ಪಿಸ್ಟನ್ ಓಡಾಡಿದಂಗೆಲ್ಲ ಗೋಡೆ ಮೇಲೆ ಒಂದು ತೆಳು ಪದರ ಆಯಿಲ್ ಉಳಿದು ಅದ್ರಲ್ಲಿ ಸ್ವಲ್ಪ ಉರಿಯತ್ತೆ, ಅದು ಯಾವ ಇಂಜಿನ್‌ಗೂ ತಪ್ಪಿದ್ದಲ್ಲ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಎನ್‌ಎಚ್ 75ರಲ್ಲಿ ನೂರಿಪ್ಪತ್ತರಲ್ಲಿ ಹಿಡಿದು ಹೋಗಿದ್ದಕ್ಕೂ ಎಂಬತ್ತರಲ್ಲಿ ಹೋಗಿದ್ದಕ್ಕೂ ಆಯಿಲ್ ಖರ್ಚು ಒಂದೇ ಬರಲ್ಲ.

ಗ್ರೇಡ್ ವಿಷ್ಯ. 30 ಅಂದ್ರೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಒಳಗಿನ ಮಂದ, 40 ಅಂದ್ರೆ 12.5ರಿಂದ 16.3. ನಿಮ್ಮ ಗಾಡಿ ಮ್ಯಾನುಯಲ್ ತೆಗೆದು ನೋಡಿ, ಆ ಕಾಲದ ಜಪಾನಿ ಮ್ಯಾನುಯಲ್‌ಗಳಲ್ಲಿ ಹವಾಮಾನದ ಮೇಲೆ ಒಂದು ಚಾರ್ಟ್ ಇರತ್ತೆ, 10ಡಬ್ಲ್ಯು-40 ಒಪ್ಪಿದ್ರೆ ಕಣ್ಣು ಮುಚ್ಚಿ ಹಾಕ್ಸಿ. ಡಬ್ಲ್ಯುಗಿಂತ ಮೊದಲು ಬರೋ ನಂಬರ್ ಚಳಿಯ ಲೆಕ್ಕ, ಅದ್ರ ಬಗ್ಗೆ ತಲೆ ಕೆಡಿಸ್ಕೋಬೇಡಿ, 15ಡಬ್ಲ್ಯು ಆಯಿಲ್‌ನ ಚಳಿ ಸ್ಟಾರ್ಟಿಂಗ್ ಟೆಸ್ಟ್ ಮಾಡೋದೇ ಮೈನಸ್ 20 ಡಿಗ್ರಿಯಲ್ಲಿ, ಮುಳ್ಳಯ್ಯನಗಿರಿ ತುದೀಲಿ ಡಿಸೆಂಬರ್ ರಾತ್ರಿ ನಿಲ್ಲಿಸಿದ್ರೂ ಅದ್ರ ಹತ್ರಕ್ಕೂ ಹೋಗಲ್ಲ.

ಆಯಿಲ್ ಆವಿಯಾಗಿ ಹೋಗೋದಕ್ಕೂ ಒಂದು ಅಳತೆ ಇದೆ, ನೋಆಕ್ ಟೆಸ್ಟ್ ಅಂತ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಪರ್ಸೆಂಟ್ ಹೋಯ್ತು ಅಂತ ನೋಡ್ತಾರೆ. ಅಮೆರಿಕದ ಎಪಿಐ ಎಸ್‌ಎನ್ ಅನ್ನೋ ಮಾನದಂಡದ 30 ಗ್ರೇಡಿಗೆ 15 ಪರ್ಸೆಂಟ್ ತನಕ ಬಿಡ್ತಾರೆ, ಯುರೋಪಿನ ಎಸಿಇಎ ಎ3/ಬಿ4 ಮಾನದಂಡಕ್ಕೆ 13. ಡಬ್ಬದ ಮೇಲೆ ಎ3/ಬಿ4 ಅಂತ ಇದ್ದು 40 ಗ್ರೇಡ್ ಇರೋದನ್ನ ತಗೊಂಡ್ರೆ ಇಂಥ ಗಾಡಿಗೆ ಒಳ್ಳೇದು. ಬ್ರ್ಯಾಂಡ್ ಯಾವುದಾದ್ರೂ ಆಗ್ಲಿ, ಡಬ್ಬದ ಹಿಂದೆ ಇರೋ ಸಣ್ಣ ಅಕ್ಷರ ಓದಿ ತಗೊಳ್ಳಿ.

ಕೊಟ್ಟಿಗೆಹಾರ ಮಂಜು ಮಳೆ:

ಮಾರಾಯ್ರೆ ನೀವೆಲ್ಲ ಯಾಕೆ ಹೋಗ್ತಿದೆ ಅಂತ ಚೆನ್ನಾಗಿ ಹೇಳಿದ್ರಿ, ನಾನು ಕಮ್ಮಿ ಇದ್ದಾಗ ಏನಾಗತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಚಾರ್ಮಾಡಿ ನಮ್ಮನೆ ರಸ್ತೆ ಇದ್ದಂಗೆ.

ಕಡ್ಡೀಲಿ ಮಿನ್‌ಗೂ ಮ್ಯಾಕ್ಸ್‌ಗೂ ಮಧ್ಯ ಹೆಚ್ಚಿನ ಗಾಡೀಲಿ ಒಂದು ಲೀಟರ್ ಅಂತರ ಇರತ್ತೆ. ಮಿನ್‌ಗೆ ಬಂದ್ರೂ ನೆಟ್ಟಗಿನ ರಸ್ತೇಲಿ ಪಂಪಿಗೆ ಆಯಿಲ್ ಸಿಗತ್ತೆ. ಹೇರ್‌ಪಿನ್‌ನಲ್ಲಿ ಸ್ಪೋರ್ಟ್ಸ್ ಗಾಡಿ ಒತ್ತಿ ತಿರುಗಿಸಿದ್ರೆ ಚೇಂಬರ್‌ನಲ್ಲಿರೋ ಅಷ್ಟೂ ಆಯಿಲ್ ಒಂದು ಪಕ್ಕಕ್ಕೆ ಸರಿದು ಗೋಡೆ ಹತ್ತತ್ತೆ, ಪಂಪಿನ ಪೈಪಿನ ಬಾಯಿ ಗಾಳೀಲಿ ನಿಲ್ಲತ್ತೆ. ಒಂದು ಕ್ಷಣ ಸಾಕು ಬೇರಿಂಗ್‌ಗೆ ಪೆಟ್ಟು ಬೀಳೋಕೆ. ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ನಂಬ್ಕೊಂಡು ಕೂರ್ಬೇಡಿ, ಅದು ಆಯಿಲ್ ಮಟ್ಟ ಹೇಳೋ ಲೈಟ್ ಅಲ್ಲ, ಪ್ರೆಶರ್ ಬಿದ್ದೋಯ್ತು ಅಂತ ಹೇಳೋದು, ಅದು ಹತ್ತಿದಾಗ ಹೊತ್ತು ಮೀರಿರತ್ತೆ. ಕನ್ಯಾಕುಮಾರಿಗೆ ಮೈಸೂರು ಚಾಮರಾಜನಗರದ ಮೇಲೆ ಹೋದ್ರೆ ದಿಂಬಂ ಘಾಟಿ ಸಿಗತ್ತೆ, 27 ಹೇರ್‌ಪಿನ್, ಅಲ್ಲಿ ಇಳಿಯೋದಕ್ಕೆ ಮುಂಚೆ ನಿಲ್ಲಿಸಿ ಕಡ್ಡಿ ನೋಡಲೇಬೇಕು. ನಾನಾಗಿದ್ರೆ ಘಾಟಿ ಅಂದ್ರೆ ಅರ್ಧಕ್ಕಿಂತ ಮೇಲೇ ಇಟ್ಕೊಂಡು ಇಳಿಯೋನು.

ಇನ್ನೊಂದು. ಇಳಿಯೋವಾಗ ಗೇರಲ್ಲಿದ್ರೆ ಆಯಿಲ್ ಎಳ್ಕೊಳತ್ತೆ ಅಂತ ಸ್ಪ್ಯಾನರ್ ಅಣ್ಣ ಹೇಳಿದ್ದನ್ನ ಓದಿ ಯಾರೂ ನ್ಯೂಟ್ರಲ್‌ಗೆ ಹಾಕೊಂಡು ಇಳೀಬೇಡಿ. ಬ್ರೇಕ್ ಕಾದು ಹೋದ್ರೆ ಆಯಿಲ್ ಲೆಕ್ಕ ಕೇಳೋಕೆ ಯಾರೂ ಇರಲ್ಲ. ಒಂದು ಲೀಟರ್ ಹೋದ್ರೆ ಹೋಗ್ಲಿ, ಗೇರಲ್ಲೇ ಇಳಿಯಿರಿ.

ದಾರೀಲಿ ನಿಮ್ಮ ಗ್ರೇಡ್ ಸಿಗದಿದ್ರೆ ಹೆದರೋದು ಬೇಡ. ಮೂಡಿಗೆರೆಯಿಂದ ಹಿಡಿದು ಎಲ್ಲಿ ಟ್ರ್ಯಾಕ್ಟರ್ ಜೀಪು ಓಡತ್ತೋ ಅಲ್ಲೆಲ್ಲ 15ಡಬ್ಲ್ಯು-40 ಡಬ್ಬ ಇರತ್ತೆ, ಕಮ್ಮಿ ಆಯಿಲಲ್ಲಿ ಓಡ್ಸೋದಕ್ಕಿಂತ ಅದನ್ನ ಅರ್ಧ ಲೀಟರ್ ಹಾಕೋದು ಸಾವಿರ ಪಾಲು ಮೇಲು. ಊರಿಗೆ ಬಂದು ಪೂರ್ತಿ ಚೇಂಜ್ ಮಾಡಿಸ್ಕೊಂಡ್ರಾಯ್ತು. ಟೂ ಸ್ಟ್ರೋಕ್ ಆಯಿಲ್ ಮಾತ್ರ ಯಾರು ಕೊಟ್ರೂ ಬೇಡ.

ಆಲ್ದೂರು ಟ್ವಿನ್‌ಕ್ಯಾಮ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಹಿಂದೆ ನಿಂತು ನೋಡೋಕೆ ತಮ್ಮನಿಗೆ ಹೇಳಿದ್ದೆ, ಹೌದು, ಒಂದು ಸಣ್ಣ ನೀಲಿ ಹೊಗೆ ಬಂದು ನಿಲ್ಲತ್ತಂತೆ. ಕಂಪ್ರೆಶನ್ ಟೆಸ್ಟ್‌ಗೆ ಹಾಸನಕ್ಕೆ ತರ್ತೀನಿ. ಒಂದು ಲೀಟರ್ ಅನ್ನೋದು ಕಂಪನಿ ಲೆಕ್ಕದಲ್ಲಿ ಜಾಸ್ತಿನಾ? ಅದು ತಿಳಿದ್ರೆ ಮನಸ್ಸಿಗೆ ಸ್ವಲ್ಪ ಸಮಾಧಾನ.

ಬಾಬಾಬುಡನ್ ಬಾಕ್ಸರ್:

ಸರ್, ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ತನಕ ಸರಿ ಅಂತ ಬಹಳ ಕಂಪನಿಗಳು ಮ್ಯಾನುಯಲ್ಲಲ್ಲೇ ಬರೆದಿರ್ತವೆ. ಅದು ವಾರಂಟಿ ಲೆಕ್ಕ, ಇಂಜಿನ್ ಚೆನ್ನಾಗಿದೆ ಅನ್ನೋದಕ್ಕೆ ಸರ್ಟಿಫಿಕೇಟ್ ಅಲ್ಲ. ನಾನು ನೋಡೋದು ಬದಲಾವಣೆಯನ್ನ, ಹೋದ ವರ್ಷ ಅರ್ಧ ಲೀಟರ್ ಇದ್ದದ್ದು ಈ ವರ್ಷ ಒಂದೂವರೆ ಆದ್ರೆ ಚಿಂತೆ, ಎಷ್ಟೋ ವರ್ಷದಿಂದ ಒಂದೇ ಅಳತೆಗೆ ನಿಂತಿದ್ರೆ ಅದು ಆ ಇಂಜಿನ್ ಸ್ವಭಾವ.

ಸ್ಪೋರ್ಟ್ಸ್ ಗಾಡಿಗಳಲ್ಲಿ ಆ ಸ್ವಭಾವ ಬೇರೆ ಬೇರೆ ಇರತ್ತೆ. ಮಜ್ದಾ ಆರ್‌ಎಕ್ಸ್-8ರಲ್ಲಿರೋದು ಪಿಸ್ಟನ್ ಇಲ್ಲದ ರೋಟರಿ ಇಂಜಿನ್, ಅದ್ರ ತುದಿ ಸೀಲ್‌ಗಳಿಗೆ ಆಯಿಲ್ ತಲುಪಿಸೋಕೆ ಒಂದು ಪಂಪ್ ಬೇಕಂತಲೇ ಒಳಗೆ ಆಯಿಲ್ ಬಿಡತ್ತೆ, ಅದು ಉರಿಯಲೇಬೇಕು, ಆ ಗಾಡಿ ಆಯಿಲ್ ಕುಡೀದಿದ್ರೇನೇ ಗಾಬರಿ ಆಗ್ಬೇಕು. ಪೋರ್ಶೆ ಫ್ಲಾಟ್ ಸಿಕ್ಸ್‌ನಲ್ಲಿ ಸಿಲಿಂಡರ್ ಮಲಗಿರತ್ತೆ, ನಿಲ್ಲಿಸಿದಾಗ ಸ್ವಲ್ಪ ಆಯಿಲ್ ಒಳಗೆ ಸೇರಿ ಸ್ಟಾರ್ಟ್ ಮಾಡ್ದಾಗ ಒಮ್ಮೊಮ್ಮೆ ಹೊಗೆ ಬರೋದು ಅದಕ್ಕೆ ಮಾಮೂಲು. ಹಳೇ ಏರ್ ಕೂಲ್ಡ್ 911ರಲ್ಲಿ ಕಡ್ಡಿ ನೋಡೋ ಕ್ರಮವೇ ಬೇರೆ, ಇಂಜಿನ್ ಚೆನ್ನಾಗಿ ಬಿಸಿಯಾಗಿ ಐಡಲ್‌ನಲ್ಲಿ ಓಡ್ತಿರುವಾಗಲೇ ನೋಡ್ಬೇಕು, ನಿಲ್ಲಿಸಿ ನೋಡಿ ಕಮ್ಮಿ ಇದೆ ಅಂತ ಸುರಿದ್ರೆ ಜಾಸ್ತಿ ಆಗಿಬಿಡತ್ತೆ. ನಿಮ್ಮ ಗಾಡಿಗೆ ಆ ಕ್ರಮ ಬೇಡ, ಸಮನಾದ ಜಾಗದಲ್ಲಿ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು, ಒರೆಸಿ, ಮತ್ತೆ ಹಾಕಿ ತೆಗೆದು ನೋಡೋದು. ಪ್ರತಿ ಸಲ ಅದೇ ರೀತಿ ನೋಡ್ಬೇಕು, ಒಂದ್ಸಲ ಬಂಕಲ್ಲಿ ಬಿಸಿ ಬಿಸಿ ನೋಡಿ ಇನ್ನೊಂದ್ಸಲ ಬೆಳಗ್ಗೆ ತಣ್ಣಗೆ ನೋಡಿದ್ರೆ ಲೆಕ್ಕ ಹೊಂದಲ್ಲ.

ಹಾಸನದ ಸ್ಪ್ಯಾನರ್:

ಬಾಕ್ಸರ್ ಅವ್ರು ಸುರಿದ್ರೆ ಜಾಸ್ತಿ ಆಗತ್ತೆ ಅಂದಿದ್ದು ನೆನಪಲ್ಲಿಟ್ಕೊಳ್ಳಿ. ಆಯಿಲ್ ಹೋಗ್ತಿದೆ ಅಂತ ಮುಂಚೆನೇ ಮ್ಯಾಕ್ಸ್ ಮೇಲೆ ತುಂಬಿಸಿ ಹೊರಡೋರು ಇದಾರೆ. ಕೆಳಗೆ ತಿರುಗೋ ಕ್ರ್ಯಾಂಕ್ ಆ ಆಯಿಲ್‌ಗೆ ಬಡಿದು ನೊರೆ ಮಾಡತ್ತೆ, ನೊರೆಯನ್ನ ಪಂಪ್ ಸರಿಯಾಗಿ ಎತ್ತಲ್ಲ, ಜೊತೆಗೆ ಇಂಜಿನ್ ಒಳಗಿನ ಆವಿ ಹೊರಗೆ ಹೋಗೋ ಬ್ರೀದರ್ ಪೈಪಿಂದ ಇನ್‌ಟೇಕ್‌ಗೆ ಹೋಗಿ ಇನ್ನೂ ಜಾಸ್ತಿ ಉರಿಯತ್ತೆ.

ಬ್ರೀದರ್ ಅಂದಾಗ ನೆನಪಾಯ್ತು, ಆ ಆವೀನ ಅಳತೆಯಲ್ಲಿ ಇನ್‌ಟೇಕ್‌ಗೆ ಬಿಡೋ ಪಿಸಿವಿ ವಾಲ್ವ್ ಮೊದಲು ಬದಲಾಯಿಸಿ. ಟ್ಯಾಪೆಟ್ ಕವರ್, ಅಂದ್ರೆ ಇಂಜಿನ್ ಮೇಲಿನ ಮುಚ್ಚಳದ ಮೇಲೆ ರಬ್ಬರ್ ಪ್ಯಾಕಿಂಗಲ್ಲಿ ಕೂತಿರತ್ತೆ, ತೆಗೆದು ಕಿವಿ ಹತ್ರ ಅಲ್ಲಾಡಿಸಿದ್ರೆ ಟಿಕ್ ಟಿಕ್ ಅನ್ಬೇಕು. ಅಂಟಿಕೊಂಡು ತೆರೆದೇ ಇದ್ರೆ ಇಂಜಿನ್ ಒಳಗಿನ ಆಯಿಲ್ ಆವೀನ ಸದಾ ಇನ್‌ಟೇಕ್‌ಗೆ ಎಳೀತಿರತ್ತೆ, ಮುಚ್ಚಿದ್ರೆ ಒಳಗೆ ಪ್ರೆಶರ್ ಏರಿ ಸೀಲ್‌ಗಳಿಂದ ಆಯಿಲ್ ತಳ್ಳತ್ತೆ. ಕಮ್ಮಿ ಬೆಲೆ ಸಾಮಾನು, ಕೈಯಲ್ಲೇ ಬಿಚ್ಚಿ ಹಾಕಬಹುದು. ಇದನ್ನ ನೋಡದೆ ರಿಂಗ್ ಅಂತ ಇಂಜಿನ್ ಇಳಿಸಿದ ಎಷ್ಟೋ ಗಾಡಿ ನೋಡಿದೀನಿ, ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ. ಕಾರ್ಖಾನೇಲಿ ಕೂರಿಸಿದ ಬೋರ್, ಒಳ್ಳೇ ಪಿಸ್ಟನ್, ಎಲ್ಲಾ ಹಾಳು ಮಾಡಿ ಅಳತೆ ಸರಿ ಇಲ್ಲದ ಲೋಕಲ್ ರಿಂಗ್ ಹಾಕಿ ಕೊಡ್ತಾರೆ, ಆಮೇಲೆ ಆ ಇಂಜಿನ್ ಯಾವತ್ತೂ ಮೊದಲಿನಂಗೆ ಆಗಲ್ಲ.

ಆಲ್ದೂರು ಟ್ವಿನ್‌ಕ್ಯಾಮ್:

ಅಪ್‌ಡೇಟ್. ಹಾಸನದಲ್ಲಿ ಕಂಪ್ರೆಶನ್ ನೋಡಿಸ್ದೆ, ನಾಲ್ಕೂ ಹೆಚ್ಚು ಕಮ್ಮಿ ಒಂದೇ ಸಮ. ಪ್ಲಗ್‌ಗಳಲ್ಲಿ ಮೂರನೇದು ಮಾತ್ರ ಕಪ್ಪಗೆ ಒದ್ದೆ, ಮಿಕ್ಕಿದ್ದೆಲ್ಲ ಒಣಗಿ ಕಂದು ಬಣ್ಣ. ಪಿಸಿವಿ ತೆಗೆದು ಅಲ್ಲಾಡಿಸಿದ್ರೆ ಶಬ್ದವೇ ಇಲ್ಲ, ಬದಲಾಯಿಸಿದೆ. ಮ್ಯಾನುಯಲ್ ಚಾರ್ಟಲ್ಲಿ 10ಡಬ್ಲ್ಯು-40 ಇತ್ತು, ಎ3/ಬಿ4 ಇರೋದನ್ನೇ ಹಾಕ್ಸಿದೀನಿ. ಆಮೇಲೆ ಮಂಗಳೂರಿಗೆ ಹೋಗಿ ಬಂದೆ, ಆಯಿಲ್ ಇಳಿದಿದ್ದು ಮುಂಚಿಗಿಂತ ಎದ್ದು ಕಾಣೋಷ್ಟು ಕಮ್ಮಿ. ಆದ್ರೆ ಚಾರ್ಮಾಡಿ ಇಳಿದು ಉಜಿರೆ ಕಡೆ ಹೋಗುವಾಗ ಆ ನೀಲಿ ಹೊಗೆ ಇನ್ನೂ ಒಂಚೂರು ಇದೆ ಅಂತ ಹಿಂದೆ ಬಂದೋರು ಹೇಳಿದ್ರು. ಅಂದ್ರೆ ಸೀಲ್ ಕೆಲ್ಸ ಉಳಿದಿದೆ ಅಂತಾಯ್ತು. ಅದನ್ನ ಕನ್ಯಾಕುಮಾರಿಗೆ ಮುಂಚೆ ಮಾಡಿಸ್ಬೇಕಾ, ಹೆಡ್ ಇಳಿಸ್ಬೇಕಾ?

ಹಾಸನದ ಸ್ಪ್ಯಾನರ್:

ತುಂಬಾ ಖುಷಿ ಆಯ್ತು ಓದಿ. ಮುಂಚೆ ಮಾಡಿಸ್ಲೇಬೇಕು ಅಂತೇನಿಲ್ಲ, ಹೋಗಿ ಬನ್ನಿ. ಡಿಕ್ಕೀಲಿ ಅದೇ ಆಯಿಲ್ ಎರಡು ಮೂರು ಲೀಟರ್, ಒಂದು ಫನಲ್, ಹಳೇ ಬಟ್ಟೆ ಇರ್ಲಿ, ಪ್ರತಿ ಸಲ ಪೆಟ್ರೋಲ್ ಹಾಕ್ಸುವಾಗ ಕಡ್ಡಿ ನೋಡಿ ಓಡೋಮೀಟರ್ ಜೊತೆ ಬರ್ಕೊಳ್ಳಿ. ಮಧುರೈಯಿಂದ ಕೆಳಗೆ ಎನ್‌ಎಚ್ 44 ನೆಟ್ಟಗೆ ಅಗಲವಾಗಿದೆ, ಮಾರ್ಚಲ್ಲಿ ಅಲ್ಲಿ ಬಿಸಿಲು ಜೋರು, 3500 ದಾಟಿಸದೆ ಹೋದ್ರೆ ಆಯಿಲ್ಲೂ ಉಳಿಯತ್ತೆ ಇಂಜಿನ್ನೂ ತಣ್ಣಗಿರತ್ತೆ. ಆದ್ರೆ ಬಂದ ಮೇಲೆ ವರ್ಷಗಟ್ಟಲೆ ಮುಂದೂಡ್ಬೇಡಿ, ಆಯಿಲ್‌ನಲ್ಲಿರೋ ರಂಜಕ ಉರಿದು ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕೂತು ಅದನ್ನ ಸಾಯಿಸತ್ತೆ, ಎಮಿಷನ್ ಟೆಸ್ಟಲ್ಲಿ ಫೇಲ್ ಆಗೋದು ಆಗಲೇ.

ಹೆಡ್ ಇಳಿಸ್ಬೇಕಿಲ್ಲ. ಪ್ಲಗ್ ತೂತಿಗೆ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಮೇಲಕ್ಕೆ ಒತ್ತಿ ಹಿಡ್ಕೊಂಡು, ಮೇಲಿಂದಲೇ ಸ್ಪ್ರಿಂಗ್ ಬಿಚ್ಚಿ ಸೀಲ್ ಬದಲಾಯಿಸಬಹುದು. ಕಂಪ್ರೆಸರ್ ಇಲ್ದಿದ್ರೆ ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿಂದ ನೈಲಾನ್ ಹಗ್ಗ ತುರುಕಿ, ಆಮೇಲೆ ಪಿಸ್ಟನ್ನನ್ನ ಮೇಲೆ ತಂದು ಹಗ್ಗದಿಂದ ವಾಲ್ವ್‌ಗೆ ಆಸರೆ ಕೊಡ್ತಾರೆ, ಹಳೇ ಉಪಾಯ, ಚೆನ್ನಾಗೇ ಕೆಲ್ಸ ಮಾಡತ್ತೆ. ಸ್ಪ್ರಿಂಗ್ ಬಿಚ್ಚಿದಾಗ ವಾಲ್ವ್ ಕಡ್ಡೀನ ಅಕ್ಕಪಕ್ಕ ಅಲ್ಲಾಡಿಸಿ ನೋಡೋಕೆ ಹೇಳಿ, ಆಟ ಜಾಸ್ತಿ ಇದ್ರೆ ಗೈಡ್ ಸವೆದಿದೆ ಅಂತ, ಆಗ ಮಾತ್ರ ಹೆಡ್ ಇಳಿಸೋ ಮಾತು, ಪ್ಲಗ್ ಒದ್ದೆ ಇದ್ದ ಮೂರನೇ ಸಿಲಿಂಡರಲ್ಲಿ ವಿಶೇಷವಾಗಿ ನೋಡಿ. ಸೀಲ್ ತರಿಸುವಾಗ ವೈಟಾನ್ ರಬ್ಬರ್‌ದು ಕೇಳಿ, ಬಿಸಿ ತಡೆಯತ್ತೆ. ಹದಿನಾರು ವಾಲ್ವ್ ಇಂಜಿನ್ ಆಗಿದ್ರೆ ಹದಿನಾರನ್ನೂ ಹಾಕಿ, ಮೂರನೇದಕ್ಕೆ ಮಾತ್ರ ಅಂತ ಉಳಿಸೋಕೆ ಹೋಗ್ಬೇಡಿ. ಕ್ಯಾಮ್ ಹೇಗೂ ತೆಗೀಬೇಕಾಗತ್ತೆ, ನಿಮ್ಮದು ಬೆಲ್ಟ್ ಇರೋ ಇಂಜಿನ್ ಆಗಿದ್ರೆ ಟೈಮಿಂಗ್ ಬೆಲ್ಟ್, ಟೆನ್ಷನರ್, ಕ್ಯಾಮ್ ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್ ಎಲ್ಲಾ ಒಂದೇ ಪಾರ್ಸೆಲ್‌ನಲ್ಲಿ ತರಿಸ್ಕೊಳ್ಳಿ, ಎರಡೆರಡು ಸಲ ಕಸ್ಟಮ್ಸ್ ಕಟ್ಟೋದು ತಪ್ಪತ್ತೆ.